ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಮೀನಿನ ಚೀಲದ ಮೇಲಿನ ಎಫ್1, ಎಫ್2

ಅಕ್ವೇರಿಯಂ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ಒಂದೇ ವಿಷಯದ ಸುತ್ತ ಸುತ್ತುತ್ತಿವೆ. ಹಾಗಾಗಿ ಫಿಲ್ಟರ್, ಪಾಚಿ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ಸೈಕ್ಲಿಡ್ ಮೀನು ತಂದಾಗ ಚೀಲದ ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಎಫ್1’ ಅಂತ ಬರೆದಿತ್ತು. ಪಕ್ಕದ ಟ್ಯಾಂಕಿನಲ್ಲಿ ಅದೇ ಜಾತಿಗೆ ‘ಎಫ್3’ ಅಂತಿತ್ತು, ಬೆಲೆಯೂ ಕಡಿಮೆ. ತರಕಾರಿ ಬೀಜದ ಪೊಟ್ಟಣದ ಮೇಲೂ ಎಫ್1 ಅಂತ ಇರುತ್ತಲ್ಲ, ಎರಡೂ ಒಂದೇನಾ?

ಅಕ್ಷರ ಒಂದೇ, ಲೆಕ್ಕ ಬೇರೆ. ಮೆಂಡೆಲ್‌ನ ಬಟಾಣಿ ಪ್ರಯೋಗಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದ ಮೇಲೆ, 1902ರಲ್ಲಿ ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ಮತ್ತು ಎಡಿತ್ ಸಾಂಡರ್ಸ್ ಈ ಗುರುತುಗಳನ್ನು ಬಳಕೆಗೆ ತಂದರು. ಎಫ್ ಅಂದರೆ ಫಿಲಿಯಲ್, ಅಂದರೆ ಸಂತಾನದ್ದು. ಬೀಜದ ಪೊಟ್ಟಣದಲ್ಲಿ ಎಫ್1 ಅಂದರೆ ಎರಡು ಬೇರೆ ಬೇರೆ ಶುದ್ಧ ತಳಿಗಳನ್ನು ಬೆರೆಸಿ ಪಡೆದ ಮೊದಲ ತಲೆಮಾರು, ಅದು ಮಿಶ್ರತಳಿ.

ಮೀನು ಸಾಕುವವರು ಅದೇ ಗುರುತನ್ನು ಎತ್ತಿಕೊಂಡು ಬೇರೆ ಕೆಲಸಕ್ಕೆ ಹಚ್ಚಿದ್ದಾರೆ. ಇಲ್ಲಿ ಹೊಳೆಯಿಂದಲೋ ಸರೋವರದಿಂದಲೋ ನೇರ ಹಿಡಿದು ತಂದದ್ದು ಎಫ್0, ಅದನ್ನೇ ವೈಲ್ಡ್ ಅಂತಲೂ ಅನ್ನುತ್ತಾರೆ. ಅಂಥ ಎರಡು ಮೀನು ಟ್ಯಾಂಕಿನಲ್ಲಿ ಮರಿ ಮಾಡಿದರೆ ಆ ಮರಿಗಳು ಎಫ್1. ಎಫ್1 ಗಂಡು, ಎಫ್1 ಹೆಣ್ಣು ಸೇರಿದರೆ ಎಫ್2. ಹೀಗೆ ಮುಂದಕ್ಕೆ. ಅಂದರೆ ಈ ಅಂಕಿ ಹೇಳುವುದು ಒಂದೇ ವಿಷಯ: ಈ ಮೀನು ತನ್ನ ಮೂಲ ನೀರಿನಿಂದ ಎಷ್ಟು ತಲೆಮಾರು ದೂರ ಬಂದಿದೆ ಅಂತ. ಗಟ್ಟಿಮುಟ್ಟಾಗಿದೆಯಾ, ಬಣ್ಣ ಚೆನ್ನಾಗಿದೆಯಾ, ವಂಶ ಶುದ್ಧವಾ, ಇದ್ಯಾವುದೂ ಅದರಲ್ಲಿಲ್ಲ. ಇನ್ನೊಂದು ಮಾತು. ಮೀನು ನೋಡಿ ಅದು ಎಫ್1 ಅಂತ ಯಾರೂ ಕಂಡುಹಿಡಿಯಲಾರರು. ಮಾರುವವರ ಬಾಯಿಮಾತೇ ಆಧಾರ.

ಪ್ರಶ್ನೆ: ನನ್ನ ಹತ್ತಿರ ಒಂದು ವೈಲ್ಡ್ ಗಂಡು, ಎರಡು ಎಫ್2 ಹೆಣ್ಣು ಇವೆ. ಮರಿಗಳಿಗೆ ಏನಂತ ಹೆಸರಿಡಲಿ?

ಇದಕ್ಕೆ ಎಲ್ಲರೂ ಒಪ್ಪಿದ ಉತ್ತರ ಇಲ್ಲ. ಹವ್ಯಾಸಿಗಳಲ್ಲಿ ತುಂಬಾ ಜನ ದೊಡ್ಡ ಅಂಕಿಯ ಕಡೆಯಿಂದ ಒಂದು ಕೂಡಿಸಿ ಎಫ್3 ಅಂತಾರೆ. ಆದರೆ ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದ ಸೈಟಿಸ್ ಇದೆಯಲ್ಲ, ಅದರ ವ್ಯಾಖ್ಯೆ ಬೇರೆ. ಅಲ್ಲಿ ತಂದೆ ತಾಯಿಯಲ್ಲಿ ಒಂದು ವೈಲ್ಡ್ ಆಗಿದ್ದರೂ ಸಾಕು, ಮರಿ ಎಫ್1. ಎರಡೂ ಸಾಕಿದ ಜಾಗದಲ್ಲೇ ಹುಟ್ಟಿದ್ದರೆ ಮಾತ್ರ ಎಫ್2 ಅಥವಾ ಅದರ ಮುಂದಿನದು. ಹಾಗೆ ನೋಡಿದರೆ ನಿಮ್ಮ ಮರಿಗಳು ಎಫ್1! ಏಷ್ಯನ್ ಅರೋವಾನಾದಂಥ, ಒಪ್ಪಂದದ ಮೊದಲನೇ ಅನುಬಂಧದಲ್ಲಿರುವ (ಅಂದರೆ ಹೊಳೆಯಿಂದ ಹಿಡಿದದ್ದನ್ನು ದೇಶ ದೇಶಗಳ ನಡುವೆ ವ್ಯಾಪಾರಕ್ಕೆ ಮಾರುವಂತಿಲ್ಲದ) ಮೀನಿಗೆ ಈ ವ್ಯತ್ಯಾಸ ದೊಡ್ಡದು. ನೋಂದಾಯಿತ ಫಾರ್ಮ್‌ಗಳು ಎಫ್2 ಅಥವಾ ಅದಕ್ಕಿಂತ ಮುಂದಿನ ತಲೆಮಾರಿನ ಮೀನನ್ನು, ಮೈಯೊಳಗೆ ಮೈಕ್ರೋಚಿಪ್ ಇಟ್ಟು ಮಾರುವುದು ಇದಕ್ಕೇ.

ನಿಮ್ಮ ವಿಷಯಕ್ಕೆ ಬಂದರೆ, ಅಂಕಿಯ ಗೊಡವೆಯೇ ಬೇಡ. ‘ಗಂಡು ವೈಲ್ಡ್, ಹೆಣ್ಣು ಎಫ್2’ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದುಬಿಡಿ. ಕೊಳ್ಳುವವರಿಗೆ ಅದರಿಂದ ಜಾಸ್ತಿ ಉಪಯೋಗ.

ಪ್ರಶ್ನೆ: ಎಫ್1 ಅಂದರೆ ಒಳಸಂಬಂಧದ ದೋಷ ಇರಲ್ಲ, ಅನುವಂಶಿಕ ವೈವಿಧ್ಯ ಜಾಸ್ತಿ ಅಂತ ಹೇಳಿ ಹತ್ತು ಎಫ್1 ಮರಿ ಕೊಟ್ಟಿದ್ದಾರೆ. ಇನ್ನು ನಾನು ನೆಮ್ಮದಿಯಾಗಿ ತಳಿ ಮುಂದುವರಿಸಬಹುದಲ್ವಾ?

ಒಂದು ಮಾತು ಕೇಳಿದಿರಾ? ಆ ಹತ್ತೂ ಮರಿ ಒಂದೇ ಜೋಡಿಯದ್ದಾ, ಬೇರೆ ಬೇರೆ ಜೋಡಿಯದ್ದಾ?

ಎಲ್ಲ ಗೊಂದಲ ಇರುವುದು ಇಲ್ಲೇ. ಪ್ರತಿ ಮೀನಿನಲ್ಲೂ ಪ್ರತಿ ಜೀನ್‌ಗೆ ಎರಡು ಪ್ರತಿ ಇರುತ್ತವೆ, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಸಂಬಂಧವೇ ಇಲ್ಲದ ಎರಡು ವೈಲ್ಡ್ ಮೀನಿಗೆ ಹುಟ್ಟಿದ ಎಫ್1 ಮರಿಯಲ್ಲಿ ಈ ಎರಡು ಪ್ರತಿಗಳೂ ಬೇರೆ ಬೇರೆ ಮೂಲದವು. ಆ ಮರಿಯ ಮಟ್ಟಿಗೆ ಒಳಸಂಬಂಧ ಸೊನ್ನೆ, ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ. ತೊಂದರೆ ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಹತ್ತೂ ಒಂದೇ ಜೋಡಿಯವಾದರೆ ಅವೆಲ್ಲ ಅಣ್ಣ ತಂಗಿಯರು. ಅವುಗಳಲ್ಲೇ ಮರಿ ತೆಗೆದರೆ, ಎಫ್2 ಮೀನಿನ ಯಾವುದೇ ಜೀನ್‌ನ ಎರಡೂ ಪ್ರತಿಗಳು ಒಂದೇ ಪೂರ್ವಜನ ಒಂದೇ ಪ್ರತಿಯಿಂದ ಬಂದಿರುವ ಸಾಧ್ಯತೆ ಶೇ 25. ಅಣ್ಣ ತಂಗಿ ಜೋಡಿಯನ್ನೇ ಮುಂದುವರಿಸಿದರೆ ಎಫ್3ಯಲ್ಲಿ ಶೇ 37.5, ಎಫ್4ರಲ್ಲಿ ಶೇ 50, ಎಫ್5ಕ್ಕೆ ಬಂದಾಗ ಸುಮಾರು ಶೇ 59. ಎರಡೂ ಪ್ರತಿ ಒಂದೇ ಆದಾಗ, ಜೊತೆಗಿದ್ದ ಒಳ್ಳೆ ಪ್ರತಿಯಿಂದಾಗಿ ಇಷ್ಟು ದಿನ ತಲೆ ಎತ್ತದೆ ಇದ್ದ ಕೆಟ್ಟ ಜೀನ್‌ಗಳು ಹೊರಗೆ ಬರುತ್ತವೆ. ಮೊಟ್ಟೆ ಬೆಳ್ಳಗಾಗಿ ಕೆಡುವುದು ಜಾಸ್ತಿಯಾಗುತ್ತದೆ, ಮರಿಗಳು ಕಡಿಮೆ ಉಳಿಯುತ್ತವೆ, ಬೆನ್ನು ಡೊಂಕಾದವು, ಕಿವಿರಿನ ಮುಚ್ಚಳ ಗಿಡ್ಡವಾಗಿ ಒಳಗಿನ ಕೆಂಪು ಕಾಣುವಂಥವು ಹೆಚ್ಚುತ್ತವೆ. ಹಾಗಂತ ಡೊಂಕು ಬೆನ್ನು ಕಂಡ ತಕ್ಷಣ ಜೀನ್ ಮೇಲೆ ಹಾಕಬೇಡಿ. ಕೆಟ್ಟ ನೀರು, ವಿಟಮಿನ್ ಸಿ ಕೊರತೆ, ಮೀನಿನ ಕ್ಷಯ ಕೂಡ ಹೀಗೆ ಮಾಡುತ್ತವೆ.

ಈಗ ಇನ್ನೊಬ್ಬರನ್ನು ನೋಡಿ. ಅವರು ಹತ್ತು ಗಂಡು ಹತ್ತು ಹೆಣ್ಣು ವೈಲ್ಡ್ ಮೀನಿನಿಂದ ಶುರು ಮಾಡಿ, ಪ್ರತಿ ತಲೆಮಾರಿನಲ್ಲೂ ಅಷ್ಟೇ ಸಂಖ್ಯೆಯ ಮೀನುಗಳಿಂದ ಮರಿ ತೆಗೆದಿದ್ದಾರೆ ಅನ್ನೋಣ. ಅಲ್ಲಿ ಪ್ರತಿ ತಲೆಮಾರಿಗೆ ಕಳೆದುಹೋಗುವ ವೈವಿಧ್ಯ ಸುಮಾರು ಶೇ 2.5 ಮಾತ್ರ. ಅವರ ಎಫ್5 ಮೀನಿನಲ್ಲಿ ಇನ್ನೂ ಶೇ 90ರ ಆಸುಪಾಸು ಉಳಿದಿರುತ್ತದೆ. ಅಣ್ಣ ತಂಗಿ ಸಾಲಿನ ಎಫ್5ರಲ್ಲಿ ಉಳಿದದ್ದು ಶೇ 41. ಚೀಲದ ಮೇಲೆ ಎರಡಕ್ಕೂ ಒಂದೇ ‘ಎಫ್5’! ಅಷ್ಟೇ ಅಲ್ಲ, ನಿಮ್ಮ ಒಂದೇ ಜೋಡಿಯ ಹತ್ತು ಎಫ್1ಗಿಂತ ಅವರ ಹತ್ತು ಎಫ್5 ತಂದುಕೊಂಡರೆ ತಳಿ ಮುಂದುವರಿಸಲು ಎಷ್ಟೋ ವಾಸಿ.

ಇನ್ನೊಂದು ಸೂಕ್ಷ್ಮ ಇದೆ. ಸರಾಸರಿ ವೈವಿಧ್ಯ ಉಳಿದರೂ ಅಪರೂಪದ ಜೀನ್ ರೂಪಗಳು ಮೊದಲ ದಿನವೇ ಜಾರಿಹೋಗಿರುತ್ತವೆ. ಸರೋವರದಲ್ಲಿ ನೂರರಲ್ಲಿ ಐದು ಪ್ರತಿಗಳಲ್ಲಿ ಮಾತ್ರ ಇರುವ ಒಂದು ರೂಪ ತೆಗೆದುಕೊಳ್ಳಿ. ಅಲ್ಲಿಂದ ಹತ್ತು ಮೀನು ಹಿಡಿದರೆ ಆ ರೂಪ ಒಂದರಲ್ಲೂ ಇಲ್ಲದೆ ಹೋಗುವ ಸಾಧ್ಯತೆ ಸುಮಾರು ಶೇ 36. ಆಮೇಲೆ ನೀವು ಎಷ್ಟೇ ಜೋಪಾನ ಮಾಡಿದರೂ ಇಲ್ಲದ್ದು ಬರುವುದಿಲ್ಲ.

ನೀವೀಗ ಮಾಡಬೇಕಾದದ್ದು ಸುಲಭ. ಅದೇ ಜಾಗದಿಂದ ಬಂದ, ಆದರೆ ಬೇರೆ ವೈಲ್ಡ್ ಜೋಡಿಗೆ ಹುಟ್ಟಿದ ಐದಾರು ಮರಿ ಇನ್ನೊಬ್ಬರಿಂದ ತನ್ನಿ. ಅವು ಎಫ್1 ಆಗಲಿ ಎಫ್4 ಆಗಲಿ ಪರವಾಗಿಲ್ಲ.

ಪ್ರಶ್ನೆ: ನಮ್ಮ ಟ್ಯಾಂಕಿನಲ್ಲಿ ಒಟ್ಟು 20 ಮಲಾವಿ ಸೈಕ್ಲಿಡ್ ಇವೆ. ಇಷ್ಟು ಸಾಕಲ್ವಾ?

ಮರಿ ಮಾಡುತ್ತಿರುವುದು ಎಷ್ಟು? ಒಂದು ದಿನ ಟ್ಯಾಂಕಿನ ಮುಂದೆ ಸುಮ್ನೆ ಅರ್ಧ ಗಂಟೆ ಕೂತು ನೋಡಿ. ನಡುವಿನ ಚಪ್ಪಟೆ ಕಲ್ಲಿನ ಮೇಲೆ ಒಂದು ಗಂಡು ಮೈಬಣ್ಣ ಉಕ್ಕಿಸಿಕೊಂಡು, ರೆಕ್ಕೆ ಅಗಲಿಸಿ ನಿಂತಿರುತ್ತದೆ. ಮೊಟ್ಟೆ ತುಂಬಿದ ಹೆಣ್ಣು ಬಂದರೆ ಮೈ ನಡುಗಿಸುತ್ತಾ ಅದನ್ನು ಕರೆಯುತ್ತದೆ. ಉಳಿದ ಗಂಡುಗಳು ಹೆಣ್ಣಿನ ಹಾಗೆ ಮಂಕು ಬಣ್ಣ ತಳೆದು ಹೀಟರ್ ಹಿಂದೆಯೋ ಫಿಲ್ಟರ್ ಕೊಳವೆಯ ಸಂದಿಯಲ್ಲೋ ಇರುತ್ತವೆ, ಸ್ವಲ್ಪ ಈಚೆ ಬಂದರೂ ಓಡಿಸಿಕೊಂಡು ಹೋಗುತ್ತದೆ ಆ ದೊಡ್ಡಗಂಡು. ವರ್ಷವಿಡೀ ನೀವು ಹಂಚಿದ ಮರಿಗಳಲ್ಲಿ ಹೆಚ್ಚಿನವಕ್ಕೆ ಅದೊಂದೇ ಅಪ್ಪ.

ವಂಶದ ಲೆಕ್ಕದಲ್ಲಿ ನಿಮ್ಮ ಮೀನು ನಿಜಕ್ಕೂ ಎಷ್ಟಕ್ಕೆ ಸಮ ಅಂತ ತಿಳಿಯಲು ಒಂದು ಸೂತ್ರ ಇದೆ. ಮರಿ ಮಾಡುವ ಗಂಡು ಮತ್ತು ಹೆಣ್ಣಿನ ಸಂಖ್ಯೆಯನ್ನು ಗುಣಿಸಿ, ನಾಲ್ಕರಿಂದ ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿ. ಐದು ಗಂಡು ಐದು ಹೆಣ್ಣಾದರೆ ಉತ್ತರ 10. ಒಂದು ಗಂಡು ಒಂಬತ್ತು ಹೆಣ್ಣಾದರೆ 3.6. ಕಣ್ಣಿಗೆ ಕಾಣುವುದು ಹತ್ತೇ ಮೀನು, ವಂಶದ ಲೆಕ್ಕದಲ್ಲಿ ನಾಲ್ಕೂ ಇಲ್ಲ. ನಿಮ್ಮ 20ರಲ್ಲಿ ಒಂದು ಗಂಡು, ಹನ್ನೆರಡು ಹೆಣ್ಣು ಮಾತ್ರ ಮರಿ ಮಾಡುತ್ತಿದ್ದರೆ ನಿಮ್ಮದೂ ಹೆಚ್ಚು ಕಡಿಮೆ ಅಷ್ಟೇ, 3.7.

ಆ ದೊಡ್ಡಗಂಡನ್ನು ಕೆಲವು ತಿಂಗಳು ಬೇರೆ ಟ್ಯಾಂಕಿಗೆ ಹಾಕಿ, ಇನ್ನೊಂದಕ್ಕೆ ಅವಕಾಶ ಕೊಡಿ. ಅದಕ್ಕಿಂತಲೂ ಫಲ ಕೊಡುವ ಉಪಾಯ ಮರಿ ಉಳಿಸಿಕೊಳ್ಳುವುದರಲ್ಲಿದೆ. ಸಾಮಾನ್ಯವಾಗಿ ನಾವು ಏನು ಮಾಡುತ್ತೇವೆ, ಎಲ್ಲ ಮರಿ ಒಟ್ಟಿಗೆ ಬೆಳೆಸಿ ದಪ್ಪಗೆ, ಬೇಗ ಬೆಳೆದವನ್ನು ಆರಿಸಿಕೊಳ್ಳುತ್ತೇವೆ. ಅವೆಲ್ಲ ಒಂದೋ ಎರಡೋ ಹೆಣ್ಣಿನವೇ ಆಗಿರುವ ಸಾಧ್ಯತೆ ಜಾಸ್ತಿ. ಅದರ ಬದಲು ಪ್ರತಿ ಜೋಡಿಯಿಂದಲೂ ಸಮ ಸಂಖ್ಯೆಯ ಮರಿಗಳನ್ನು, ಕಣ್ಣು ಮುಚ್ಚಿ ಬಲೆ ಹಾಕಿದ ಹಾಗೆ ಆರಿಸದೆ ಎತ್ತಿಟ್ಟುಕೊಳ್ಳಿ. ಹೀಗೆ ಮಾಡಿದರೆ ಅಷ್ಟೇ ಮೀನು ವಂಶದ ಲೆಕ್ಕದಲ್ಲಿ ಸುಮಾರು ಎರಡರಷ್ಟಕ್ಕೆ ಸಮ. ಟ್ಯಾಂಕ್ ಹೆಚ್ಚಿಸುವ ಖರ್ಚೂ ಇಲ್ಲ.

ಗಪ್ಪಿ ಸಾಕುವವರಿಗೆ ಇಲ್ಲೊಂದು ಖುಷಿಯ ಸುದ್ದಿ. ಹೆಣ್ಣು ಗಪ್ಪಿ ಹಲವು ಗಂಡುಗಳ ವೀರ್ಯವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ, ಒಂದೇ ಸೂಲಿನ ಮರಿಗಳಿಗೆ ಇಬ್ಬರು ಮೂವರು ಅಪ್ಪಂದಿರು ಇರಬಹುದು. ಅಂದರೆ ಹೊಳೆಯಿಂದ ಬಂದ ಒಂದೇ ಒಂದು ಬಸುರಿ ಗಪ್ಪಿ, ಒಂದು ಜೋಡಿಗಿಂತ ಹೆಚ್ಚಿನ ವೈವಿಧ್ಯವನ್ನು ಹೊತ್ತು ತಂದಿರುತ್ತದೆ.

ಪ್ರಶ್ನೆ: ಎಫ್1 ಮೀನಿಗೆ ಬಣ್ಣ ಜಾಸ್ತಿ ಅಂತಾರೆ, ನಿಜವಾ?

ಇಲ್ಲ. ಬಣ್ಣ ಆಹಾರ, ಬೆಳಕು, ಟ್ಯಾಂಕಿನಲ್ಲಿ ಆ ಮೀನಿನ ಸ್ಥಾನಮಾನ, ಆರಿಸಿ ಬೆಳೆಸಿದ ತಳಿ ಇವುಗಳ ಮೇಲೆ ನಿಂತಿದೆ. ಬೆರಳುದ್ದ ಕೂಡ ಬೆಳೆಯದ ಮರಿಗಳೆಲ್ಲ, ಹೆಣ್ಣೂ ಸೇರಿ, ಫಳಫಳ ಹೊಳೆಯುತ್ತಿದ್ದರೆ ಹಾರ್ಮೋನ್ ಹಾಕಿರಬಹುದು ಅಂತ ಅನುಮಾನ ಪಡಿ.

ಪ್ರಶ್ನೆ: ಹತ್ತು ವರ್ಷದಿಂದ ಒಂದೇ ಸಾಲಿನ ಗಪ್ಪಿ ಸಾಕುತ್ತಿದ್ದೇನೆ. ಹೊರಗಿನಿಂದ ಒಂದು ಮೀನೂ ತಂದಿಲ್ಲ. ಏನೂ ಆಗಿಲ್ಲ. ನೀವು ಸುಮ್ನೆ ಹೆದರಿಸ್ತೀರಿ!

ಹೆದರಿಸುತ್ತಿಲ್ಲ. ನಿಮ್ಮ ಮಾತಿನಲ್ಲಿ ಸತ್ಯವೂ ಇದೆ. ಎಲ್ಲ ಮೀನಿಗೂ ಒಳಸಂಬಂಧ ಒಂದೇ ರೀತಿ ತಟ್ಟುವುದಿಲ್ಲ. ಮ್ಯಾಂಗ್ರೋವ್ ಕಾಡುಗಳಲ್ಲಿರುವ ಒಂದು ಕಿಲಿಮೀನು (ಕಿಲಿಫಿಶ್ ಅನ್ನೋ ಪುಟ್ಟ ಮೀನುಗಳ ಗುಂಪಿನದು) ತನ್ನ ಮೊಟ್ಟೆಗೆ ತಾನೇ ವೀರ್ಯ ಕೊಟ್ಟುಕೊಂಡು ಮರಿ ಮಾಡುತ್ತದೆ, ತಲೆಮಾರುಗಟ್ಟಲೆ. ಪೆಲ್ವಿಕಾಕ್ರೊಮಿಸ್ ಟೀನಿಯಾಟಸ್ ಅನ್ನೋ ಪಶ್ಚಿಮ ಆಫ್ರಿಕಾದ ಪುಟ್ಟ ಸೈಕ್ಲಿಡ್, ಆಯ್ಕೆ ಕೊಟ್ಟಾಗ ಅಪರಿಚಿತರನ್ನು ಬಿಟ್ಟು ಒಡಹುಟ್ಟಿದವರನ್ನೇ ಇಷ್ಟಪಡುತ್ತದೆ ಅಂತ 2007ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಇನ್ನು ನೋಥೋಬ್ರಾಂಕಿಯಸ್ ಫರ್ಜೆರಿ ಕಥೆ. ಜಿಂಬಾಬ್ವೆಯ ಗೊನಾರೆಝೌನಲ್ಲಿ 1960ರ ದಶಕದ ಕೊನೆಯಲ್ಲಿ ಹಿಡಿದ ಈ ಕಿಲಿಮೀನನ್ನು ಹವ್ಯಾಸಿಗಳೇ ದಶಕಗಳ ಕಾಲ ತಮ್ಮ ತಮ್ಮಲ್ಲಿ ಹಂಚಿಕೊಂಡು ಉಳಿಸಿದರು, ಆಮೇಲೆ ಅದು ಮುಪ್ಪಿನ ಬಗ್ಗೆ ಅಧ್ಯಯನ ಮಾಡುವ ಪ್ರಯೋಗಾಲಯಗಳಿಗೆ ಹೋಯಿತು. ಆ ಸಾಲಿನ ಜೀನ್ ಪರೀಕ್ಷಿಸಿದಾಗ ವೈವಿಧ್ಯ ಹತ್ತಿರ ಹತ್ತಿರ ಸೊನ್ನೆ. ಆದರೂ ಆ ಸಾಲು ಇವತ್ತಿಗೂ ಇದೆ, ಮರಿ ಮಾಡುತ್ತಿದೆ.

ಆದರೆ ನಾವು ಕಾಣುವುದು ಬದುಕಿ ಉಳಿದ ಸಾಲುಗಳನ್ನು ಮಾತ್ರ ಅನ್ನೋದು ನೆನಪಿರಲಿ. ಮಧ್ಯದಲ್ಲೇ ಮುಗಿದುಹೋದ ಸಾಲುಗಳ ಬಗ್ಗೆ ಯಾರೂ ಪತ್ರ ಬರೆಯುವುದಿಲ್ಲ. ನಿಮ್ಮ ಗಪ್ಪಿಗಳ ಬಗ್ಗೆ ನನ್ನ ಪ್ರಶ್ನೆ ಇಷ್ಟೇ: ಒಂದು ಸೂಲಿಗೆ ಈಗ ಎಷ್ಟು ಮರಿ, ಮೊದಲು ಎಷ್ಟಿತ್ತು? ಬೇರೆ ಕಡೆಯ ಗಪ್ಪಿಯ ಜೊತೆ ಒಂದೇ ಟ್ಯಾಂಕಿಗೆ ಬಿಟ್ಟರೆ ನಿಮ್ಮವು ಮೊದಲು ಕಾಯಿಲೆ ಬೀಳುತ್ತವಾ? ಒಂದೇ ನೀರು, ಒಂದೇ ಆಹಾರ, ಹೊಸ ರೋಗವಿಲ್ಲದ ಟ್ಯಾಂಕಿನಲ್ಲಿ ಎಂಥ ಸಾಲೂ ಆರಾಮವಾಗಿ ಇರುತ್ತದೆ. ಪರೀಕ್ಷೆ ಬರುವುದು ಪರಿಸ್ಥಿತಿ ಬದಲಾದಾಗ.

ಅಂದ ಹಾಗೆ, ನಿಮ್ಮಂಥ ಅಲಂಕಾರದ ತಳಿಗಳಿಗೆ ಎಫ್ ಅಂಕಿ ಹಾಕುವುದೇ ಅರ್ಥವಿಲ್ಲದ ಕೆಲಸ. ಗೋಲ್ಡ್‌ಫಿಶ್ ಸಾವಿರ ವರ್ಷದಿಂದ ಸಾಕಿದ್ದು. ಫೈಟರ್ ಮೀನು ಕೂಡ ಕನಿಷ್ಠ 400 ವರ್ಷದಿಂದ ಮನುಷ್ಯರ ಕೈಯಲ್ಲಿದೆ ಅಂತ 2022ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ಹೇಳುತ್ತದೆ. ಎಣಿಸಿದರೆ ಎಷ್ಟನೇ ಎಫ್ ಆದೀತು!

ಪ್ರಶ್ನೆ: ಹೊಸ ರಕ್ತ ಬೇಕು ಅಂತ ಬೇರೆ ಊರಿನ, ಅಂದರೆ ಸರೋವರದ ಇನ್ನೊಂದು ದಡದ ಟ್ರೋಫಿಯಸ್ ತಂದು ಸೇರಿಸಬಹುದಾ? ಜಾತಿ ಒಂದೇ ತಾನೇ?

ದಯವಿಟ್ಟು ಬೇಡ. ಆಫ್ರಿಕಾದ ಟಾಂಗನೀಕಾ ಸರೋವರದ ಟ್ರೋಫಿಯಸ್ ಬಂಡೆ ಬಿಟ್ಟು ದೂರ ಹೋಗದ ಸೈಕ್ಲಿಡ್. ನಡುವೆ ಮರಳಿನ ದಂಡೆ ಬಂದರೆ ಸಾಕು, ದಾಟುವುದಿಲ್ಲ. ಹಾಗಾಗಿ ಒಂದೊಂದು ದಡದ್ದೂ ಕಾಲಾಂತರದಲ್ಲಿ ತನ್ನದೇ ಬಣ್ಣ, ತನ್ನದೇ ಜೀನ್ ಜೋಡಣೆ ಬೆಳೆಸಿಕೊಂಡಿದೆ. ಅವನ್ನು ಬೆರೆಸಿದರೆ ಮರಿಯೇನೋ ಆಗುತ್ತವೆ, ಗಟ್ಟಿಯಾಗಿಯೂ ಇರಬಹುದು, ಆದರೆ ಅವು ಯಾವ ದಡದವೂ ಅಲ್ಲ. ಆಮೇಲೆ ಅವನ್ನು ಬಿಡಿಸಿ ಹಿಂದಿನಂತೆ ಮಾಡಲು ಆಗಲ್ಲ. ಹೊಸ ರಕ್ತ ಬೇಕು, ಆದರೆ ಅದೇ ಜಾಗದ್ದು. ಒಂದು ಸಮಾಧಾನ ಅಂದರೆ ತುಂಬಾ ಏನೂ ಬೇಡ, ಪ್ರತಿ ತಲೆಮಾರಿಗೆ ಒಂದೆರಡು ಸಂಬಂಧವಿಲ್ಲದ ಮೀನು ಸೇರಿ ಮರಿ ಮಾಡಿದರೂ ದೊಡ್ಡ ವ್ಯತ್ಯಾಸ ಆಗುತ್ತದೆ.

ಪ್ರಶ್ನೆ: ಅಳಿವಿನಂಚಿನ ಮೀನನ್ನು ಮನೆಯಲ್ಲಿ ಸಾಕಿ ಉಳಿಸಬಹುದಾ? ಎಫ್1 ಆದರೆ ಹೊಳೆಯ ಮೀನಿಗೆ ಸಮ ಅಂತ ಓದಿದ್ದೆ.

ಸಮ ಅಲ್ಲ, ಎಫ್1 ಕೂಡ. ಅಮೆರಿಕದ ಒರೆಗಾನ್‌ನಲ್ಲಿ ಹುಡ್ ನದಿಯ ಸ್ಟೀಲ್‌ಹೆಡ್ ಮೀನಿನ ಮೇಲೆ ನಡೆದ ಕೆಲಸ ನೋಡಿ. ಮರಿಕೇಂದ್ರದಲ್ಲಿ ಕಳೆದ ಒಂದೊಂದು ತಲೆಮಾರಿಗೂ, ನದಿಗೆ ಬಿಟ್ಟಾಗ ಮರಿ ಮಾಡುವ ಸಾಮರ್ಥ್ಯ ಸುಮಾರು ಶೇ 40ರಷ್ಟು ಇಳಿಯುತ್ತದೆ ಅಂತ 2007ರಲ್ಲಿ ತೋರಿಸಿದರು. ಸಾಕಿದ ಜಾಗಕ್ಕೆ ಒಗ್ಗುವ ಬದಲಾವಣೆ ಒಂದೇ ತಲೆಮಾರಿನಲ್ಲಿ ಆಗಬಹುದು ಅಂತ 2012ರ ಇನ್ನೊಂದು ಅಧ್ಯಯನ ಹೇಳಿತು. ಕಾರಣ ಸರಳ. ಸಾವಿರಾರು ಮೊಟ್ಟೆಗಳಲ್ಲಿ ಹೊಳೆಯಲ್ಲಾದರೆ ಬೆರಳೆಣಿಕೆಯಷ್ಟು ಉಳಿಯುತ್ತವೆ. ತೊಟ್ಟಿಯಲ್ಲಿ ಬೇರೆಯದೇ ಗುಣದವು ಉಳಿಯುತ್ತವೆ: ಜನ ಬಂದರೆ ಹೆದರದವು, ಮೇಲೆ ಬಂದು ಕಾಳು ತಿನ್ನುವವು, ಗುಂಪಿನಲ್ಲಿ ನೂಕಾಡಿ ಬೆಳೆಯುವವು. ನದಿಯಲ್ಲಿ ಅದೇ ಗುಣ ಹಕ್ಕಿಯ ಬಾಯಿಗೆ ದಾರಿ.

ಹಾಗಂತ ಆಗದ ಮಾತಲ್ಲ. ಮೆಕ್ಸಿಕೋದ ಟೆಕಿಲಾ ಮೀನು, ಝೂಗೊನೆಟಿಕಸ್ ಟೆಕಿಲಾ, ತನ್ನ ಟೆಯುಚಿತ್ಲಾನ್ ನದಿಯಿಂದ ಪೂರ್ತಿ ಮಾಯವಾಗಿತ್ತು. ಉಳಿದಿದ್ದು ಅಕ್ವೇರಿಯಂಗಳಲ್ಲಿ ಮಾತ್ರ. 1998ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದಿಂದ ಐದು ಜೋಡಿ ಮೆಕ್ಸಿಕೋದ ಮಿಚೋಕಾನ್ ವಿಶ್ವವಿದ್ಯಾಲಯಕ್ಕೆ ಹೋದವು. ಅಲ್ಲಿ ವರ್ಷಗಟ್ಟಲೆ ಬೆಳೆಸಿ, 2012ರಲ್ಲಿ 40 ಗಂಡು 40 ಹೆಣ್ಣುಗಳನ್ನು ನೇರ ನದಿಗೆ ಬಿಡದೆ ಮೊದಲು ಹೊರಗಿನ ಕೊಳಗಳಿಗೆ ಬಿಟ್ಟರು. ಅಲ್ಲಿ ಹಕ್ಕಿ, ಆಮೆ, ಹಾವು, ಪರೋಪಜೀವಿ ಎಲ್ಲ ಇದ್ದವು, ಆಹಾರವೂ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ತೊಟ್ಟಿಯ ಅಭ್ಯಾಸ ಬಿಟ್ಟು ಬದುಕಲು ಕಲಿತವು ಅಲ್ಲಿ ಸಾವಿರಗಟ್ಟಲೆ ಆದವು. ಆಮೇಲೆ ಅವುಗಳ ಸಂತತಿ ನದಿಗೆ ಹೋಯಿತು, ಅಲ್ಲಿ ನೆಲೆ ನಿಂತಿತು. ಇಲ್ಲಿ ಯಾರೂ ಎಫ್ ಎಷ್ಟು ಅಂತ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಎಷ್ಟು ಮೀನು ಮರಿ ಮಾಡುತ್ತಿವೆ, ಯಾವ ಪರಿಸ್ಥಿತಿಯಲ್ಲಿ ಮಾಡುತ್ತಿವೆ ಅನ್ನುವುದೇ ಮುಖ್ಯವಾಗಿತ್ತು.

ಇದಕ್ಕೆ ತದ್ವಿರುದ್ಧ ಕೆಂಪು ಬಾಲದ ಕಪ್ಪು ಶಾರ್ಕ್, ಹೆಸರಿಗಷ್ಟೇ ಶಾರ್ಕ್ ಆದ ಸಿಹಿನೀರಿನ ಮೀನು. ಥಾಯ್ಲೆಂಡಿನ ನದಿಗಳಲ್ಲಿ ಅದು ಅಳಿವಿನ ತೀರಾ ಅಂಚಿನಲ್ಲಿದೆ, ಫಾರ್ಮ್‌ಗಳಲ್ಲಿ ಮಾತ್ರ ಲೆಕ್ಕವಿಲ್ಲದಷ್ಟು. ಆದರೆ ಅಂಗಡಿಗೆ ಬರುವ ಮೀನಿನ ಮೂಲ ಎಲ್ಲಿ, ಎಷ್ಟು ಮೀನಿನಿಂದ ಶುರುವಾಯಿತು ಅನ್ನೋ ದಾಖಲೆ ಜೊತೆಗೆ ಬರುವುದಿಲ್ಲ. ಸಂಖ್ಯೆ ಇದ್ದ ಮಾತ್ರಕ್ಕೆ ಅದನ್ನು ತಂದು ನದಿಗೆ ಬಿಡಲು ಆಗಲ್ಲ. ಮನೆಯಲ್ಲಿ ಸಾಕಿದ್ದನ್ನು ನೀವೇ ಹೊಳೆಗೆ ಬಿಡುವ ಯೋಚನೆಯನ್ನಂತೂ ಮಾಡಲೇಬೇಡಿ, ರೋಗವೂ ಜೊತೆಗೆ ಹೋಗುತ್ತದೆ.

ಪ್ರಶ್ನೆ: ಹಾಗಾದರೆ ವೈಲ್ಡ್ ಮೀನು ಕೊಳ್ಳುವುದೇ ತಪ್ಪಾ?

ಮೀನಿನ ಮೇಲೆ ಹೋಗುತ್ತದೆ. ಬ್ರೆಜಿಲ್‌ನ ರಿಯೋ ನೀಗ್ರೋ ನದಿಯ ಕಾರ್ಡಿನಲ್ ಟೆಟ್ರಾ ಪ್ರವಾಹ ಇಳಿದಾಗ ಹೇಗೂ ರಾಶಿಗಟ್ಟಲೆ ಸಾಯುವ ಮೀನು. ಅದನ್ನು ಹಿಡಿದು ಬದುಕುವ ಹಳ್ಳಿಯವರು ಅದಕ್ಕಾಗಿಯೇ ಕಾಡು ಕಡಿಯದೆ ಉಳಿಸುತ್ತಾರೆ ಅನ್ನುವುದು ಅಲ್ಲಿ ಈ ಮೀನುಗಾರಿಕೆಯ ಮೇಲೆ ಕೆಲಸ ಮಾಡುವ ಪ್ರಾಜೆಕ್ಟ್ ಪಿಯಾಬಾ ಸಂಸ್ಥೆಯ ವಾದ, ನನಗೂ ಅದು ಸರಿ ಅನ್ನಿಸುತ್ತದೆ. ಅದೇ ಬ್ರೆಜಿಲ್‌ನ ಶಿಂಗು ನದಿಯ ಝೀಬ್ರಾ ಪ್ಲೆಕೋ ಬೇರೆ ಕಥೆ. ಹೊಳೆಯಿಂದ ಹಿಡಿದದ್ದನ್ನು ರಫ್ತು ಮಾಡುವುದಕ್ಕೆ ಅಲ್ಲಿ ನಿಷೇಧ ಇದೆ. ‘ಈಗಷ್ಟೇ ಬಂದ ಎಫ್0’ ಅಂತ ಯಾರಾದರೂ ತೋರಿಸಿದರೆ ಅದು ಕಳ್ಳಸಾಗಣೆಯ ಮಾಲು, ಇಲ್ಲವೇ ಸುಳ್ಳು.

ಪ್ರಶ್ನೆ: ನಾನು ಮರಿ ಕೊಡುವಾಗ ಚೀಲದ ಮೇಲೆ ಏನು ಬರೆಯಲಿ? ಒಂದು ಮಾದರಿ ಕೊಡಿ.

‘ಟ್ರೋಫಿಯಸ್ ಡುಬೊಯ್ಸಿ, ಮಾಸ್ವಾ. ಎಫ್3. ಮೂಲ: 4 ಗಂಡು 7 ಹೆಣ್ಣು ವೈಲ್ಡ್. ಈ ಮರಿಗಳು ಮೂರು ಹೆಣ್ಣಿನವು, ಗಂಡು ಎರಡು. ಹೊರಗಿನಿಂದ ಸೇರಿಸಿದ್ದು: ಎಫ್2ರಲ್ಲಿ ಎರಡು ಹೆಣ್ಣು, ಅದೇ ಜಾಗದ್ದು.’ ಇಷ್ಟು ಸಾಕು. (ಮಾಸ್ವಾ ಅನ್ನೋದು ಸರೋವರದಲ್ಲಿ ಮೂಲ ಮೀನು ಹಿಡಿದ ಜಾಗ.) ಗೊತ್ತಿಲ್ಲದ ಕಡೆ ‘ಗೊತ್ತಿಲ್ಲ’ ಅಂತ ಬರೆಯಿರಿ, ಊಹೆ ಬೇಡ. ಚೀಲದ ಮೇಲೆ ಜಾಗ ಸಾಲದಿದ್ದರೆ ಚೀಟಿ ಬರೆದು ಮೇಲೆ ಅಂಟಿಸಿ, ಒಳಗೆ ಹಾಕಿದರೆ ಶಾಯಿ ಕರಗುತ್ತದೆ.